ಬ್ಯಾಂಕ್ ಕ್ಲರ್ಕ್ ಪ್ರಿಲಿಮ್ಸ್: ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು

ನಾನು ಮೊದಲ ಸಲ ಪ್ರಿಲಿಮ್ಸ್, ಅಂದರೆ ಮೊದಲ ಹಂತದ ಪರೀಕ್ಷೆ ಬರೆದಾಗ ರೀಸನಿಂಗ್ ವಿಭಾಗದ ಒಂದು ಪಝಲ್‌ನಲ್ಲಿ ಎಂಟು ಜನ ಒಂದು ರೌಂಡ್ ಟೇಬಲ್ ಸುತ್ತ ಕೂತಿದ್ದರು. ಆರು ಜನರನ್ನು ಕೂರಿಸಿದೆ. ಉಳಿದ ಇಬ್ಬರನ್ನು ಎಲ್ಲಿ ಕೂರಿಸಿದರೂ ಒಂದಲ್ಲ ಒಂದು ಷರತ್ತು ಮುರಿಯುತ್ತಿತ್ತು. ಹೊಡೆದು ಹಾಕಿದೆ, ಹೊಸ ವೃತ್ತ ಬರೆದೆ, ಮತ್ತೆ ಕೂರಿಸಿದೆ. ಇಷ್ಟು ಹೊತ್ತು ಹಾಕಿದ್ದೀನಿ, ಈಗ ಬಿಟ್ಟರೆ ಹೇಗೆ ಅನ್ನೋ ಹಟ. ತಲೆ ಎತ್ತಿ ನೋಡಿದರೆ ಇಪ್ಪತ್ತು ನಿಮಿಷದಲ್ಲಿ ಒಂಬತ್ತು ನಿಮಿಷ ಅವರೇ ತಿಂದು ಹಾಕಿದ್ದರು. ಟೈಮ್ ಮುಗಿದು ಆ ವಿಭಾಗ ತಾನಾಗೇ ಮುಚ್ಚಿಕೊಂಡಾಗ ಹನ್ನೆರಡು ಪ್ರಶ್ನೆಗಳನ್ನು ನಾನು ತೆರೆದೂ ನೋಡಿರಲಿಲ್ಲ. ಹೊರಗೆ ಬಂದು ಟೀ ಕುಡಿಯುವಾಗ ಪಕ್ಕದಲ್ಲಿದ್ದ ಹುಡುಗ ಹೇಳಿದ, "ಕೊನೆಯಲ್ಲಿ ಇನ್‌ಇಕ್ವಾಲಿಟಿ ಎಷ್ಟು ಸುಲಭ ಇತ್ತಲ್ವಾ?" ನನ್ನ ಹೊಟ್ಟೆ ಎಷ್ಟು ಉರಿಯಿತು ಅಂತ ಹೇಳೋಕಾಗಲ್ಲ.

ಆ ಸಲ ಕಟ್‌ಆಫ್ ದಾಟಲಿಲ್ಲ. ಗಣಿತ ಗೊತ್ತಿಲ್ಲದೆ ಅಲ್ಲ. ಬಿಡೋದು ಗೊತ್ತಿಲ್ಲದೆ. ಮುಂದಿನ ಸಲ ದಾಟಿದೆ. ನಡುವೆ ನಾನು ಹೊಸದಾಗಿ ಕಲಿತ ಗಣಿತ ತುಂಬಾ ಕಡಿಮೆ. ಏನು ಬದಲಾಯಿತು ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಅದರಲ್ಲೂ ಕನ್ನಡ ಮೀಡಿಯಂನಲ್ಲಿ ಓದಿ, ಹಗಲು ಏನೋ ಒಂದು ಕೆಲಸ ಮಾಡಿಕೊಂಡು, ರಾತ್ರಿ ಎರಡು ಗಂಟೆ ಮಾತ್ರ ಸಿಗುವವರಿಗೆ. ನಾನು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ.

ಮೊದಲು ಪರೀಕ್ಷೆ ಹೇಗಿದೆ ಅಂತ ನೋಡಿಬಿಡಿ. ಹಲವು ಸರ್ಕಾರಿ ಬ್ಯಾಂಕುಗಳಿಗೆ ಸೇರಿಸಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಕ್ಲರ್ಕ್ ಆಗಲಿ, ಎಸ್‌ಬಿಐ ಬೇರೆಯಾಗಿ ನಡೆಸುವ ಜೂನಿಯರ್ ಅಸೋಸಿಯೇಟ್ ಆಗಲಿ, ಪ್ರಿಲಿಮ್ಸ್ ಒಂದೇ ಅಚ್ಚು. 100 ಪ್ರಶ್ನೆ, 60 ನಿಮಿಷ. ಇಂಗ್ಲಿಷ್ 30, ಗಣಿತ 35, ರೀಸನಿಂಗ್ 35. ಒಂದೊಂದಕ್ಕೂ 20 ನಿಮಿಷ, ಒಂದರಲ್ಲಿ ಉಳಿದ ಸಮಯ ಇನ್ನೊಂದಕ್ಕೆ ಸಿಗಲ್ಲ. ತಪ್ಪು ಉತ್ತರಕ್ಕೆ ಕಾಲು ಮಾರ್ಕ್ ಹೋಗುತ್ತದೆ. ಈ ಮಾರ್ಕ್ಸ್ ಎರಡನೇ ಹಂತದ ಮೇನ್ಸ್‌ಗೆ ಹೋಗೋಕೆ ಮಾತ್ರ, ಕೆಲಸ ಸಿಗೋದು ಮೇನ್ಸ್ ಮಾರ್ಕ್ಸ್ ಮೇಲೆ. ಐಬಿಪಿಎಸ್‌ನಲ್ಲಿ ಮೂರೂ ವಿಭಾಗದಲ್ಲಿ ಬೇರೆ ಬೇರೆಯಾಗಿ ಕಟ್‌ಆಫ್ ದಾಟಬೇಕು, ಹಾಗಾಗಿ ಗಣಿತದಲ್ಲಿ ಚೆನ್ನಾಗಿ ತೆಗೆದು ಇಂಗ್ಲಿಷ್ ಕೈಬಿಡೋ ಲೆಕ್ಕಾಚಾರ ನಡೆಯಲ್ಲ.

ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಪರೀಕ್ಷೆಯಲ್ಲಿ ಪ್ರಿಲಿಮ್ಸ್‌ಗೆ ಇಂಗ್ಲಿಷೇ ಇಲ್ಲ, ರೀಸನಿಂಗ್ 40, ಗಣಿತ 40, ಅಷ್ಟೇ. ಧಾರವಾಡದ್ದು ಮತ್ತು ಬಳ್ಳಾರಿಯದ್ದು ಎರಡೂ ಸೇರಿ 2025ರ ಮೇ 1ರಿಂದ ನಮ್ಮ ರಾಜ್ಯಕ್ಕೆ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಇಂಗ್ಲಿಷ್ ಅಂದರೆ ಕೈಕಾಲು ನಡುಗುವವರು ಈ ಅರ್ಜಿಯನ್ನು ಮಾತ್ರ ತಪ್ಪಿಸಬೇಡಿ.

ಕನ್ನಡದಲ್ಲಿ ಬರೆಯಬಹುದಾ? ಬರೆಯಬಹುದು. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನು ಇಂಗ್ಲಿಷ್ ಹಿಂದಿ ಜೊತೆಗೆ 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಸಬೇಕು ಅಂತ ಕೇಂದ್ರ ಹಣಕಾಸು ಸಚಿವಾಲಯ 2021ರ ಸೆಪ್ಟೆಂಬರ್‌ನಲ್ಲಿ ಹೇಳಿತು, ಅದರಲ್ಲಿ ಕನ್ನಡವೂ ಇದೆ. ಅರ್ಜಿ ತುಂಬುವಾಗಲೇ ಭಾಷೆ ಆರಿಸಬೇಕು, ಆಮೇಲೆ ಬದಲಾಯಿಸ್ತೀನಿ ಅಂದರೆ ಆಗಲ್ಲ. ಇಂಗ್ಲಿಷ್ ವಿಭಾಗ ಇಂಗ್ಲಿಷ್‌ನಲ್ಲೇ ಇರುತ್ತದೆ. ಆದರೆ ಒಂದು ಮಾತು. ಪ್ರಾಕ್ಟೀಸ್‌ಗೆ ಸಿಗುವ ಸಾಮಗ್ರಿ ಬಹುಪಾಲು ಇಂಗ್ಲಿಷ್‌ನಲ್ಲಿದೆ, ಪರೀಕ್ಷೆಯ ಕನ್ನಡವೋ ಅನುವಾದದ ಕನ್ನಡ, ಒಂದೊಂದು ವಾಕ್ಯ ಎರಡು ಸಲ ಓದಿದರೂ ತಿಳಿಯಲ್ಲ. ಅದಕ್ಕೆ ಎರಡೂ ಭಾಷೆಯ ಪದ ಗೊತ್ತಿರಲಿ. ಲ.ಸಾ.ಅ. ಅಂದರೆ ಎಲ್‌ಸಿಎಂ, ಅನುಪಾತ ಅಂದರೆ ರೇಶಿಯೋ, ಚಕ್ರಬಡ್ಡಿ ಅಂದರೆ ಕಾಂಪೌಂಡ್ ಇಂಟರೆಸ್ಟ್. ಒಂದು ಹಾಳೆಯಲ್ಲಿ ಮೂವತ್ತು ನಲವತ್ತು ಪದ ಬರೆದುಕೊಂಡರೆ ಸಾಕು.

ಗಣಿತ: ಬಾಯಲ್ಲಿ ಬರಬೇಕು

20 ನಿಮಿಷಕ್ಕೆ 35 ಪ್ರಶ್ನೆ ಅಂದರೆ ಒಂದಕ್ಕೆ ಸುಮಾರು 34 ಸೆಕೆಂಡ್. ಪ್ರಶ್ನೆ ಓದೋಕೇ ಹತ್ತು ಸೆಕೆಂಡ್ ಬೇಕು. ಕ್ಯಾಲ್ಕುಲೇಟರ್ ಇಲ್ಲ. ಹಾಗಾಗಿ ಇಲ್ಲಿ ಬುದ್ಧಿವಂತಿಕೆಗಿಂತ ಜಾಸ್ತಿ ಬೇಕಿರೋದು ಮಗ್ಗಿ. 20ರವರೆಗೆ ಮಗ್ಗಿ, 30ರವರೆಗೆ ವರ್ಗ, 15ರವರೆಗೆ ಘನ. ನಿದ್ದೆಯಲ್ಲಿ ಎಬ್ಬಿಸಿ 17 ಎಂಟ್ಲಿ ಎಷ್ಟು ಅಂದರೂ 136 ಅಂತ ಬರಬೇಕು. ನಾಚಿಕೆ ಬೇಡ, ಡಿಗ್ರಿ ಮುಗಿಸಿದವರೂ ಇದನ್ನು ಉರು ಹೊಡೆಯಲೇಬೇಕು. ನಾನು ಬೈಕ್ ಓಡಿಸುವಾಗ ಹೇಳಿಕೊಳ್ಳುತ್ತಿದ್ದೆ, ಹೆಲ್ಮೆಟ್ ಒಳಗೆ ಯಾರಿಗೂ ಕೇಳಿಸಲ್ಲ.

ಅದಾದ ಮೇಲೆ ಶೇಕಡಾವನ್ನು ಭಿನ್ನರಾಶಿ ಮಾಡೋದು. ಇದೊಂದು ಬಂದರೆ ಸಿಂಪ್ಲಿಫಿಕೇಶನ್, ಲಾಭ ನಷ್ಟ, ಬಡ್ಡಿ, ಡಿ.ಐ. (ಡೇಟಾ ಇಂಟರ್‌ಪ್ರಿಟೇಶನ್, ಪಟ್ಟಿ ಅಥವಾ ಗ್ರಾಫ್ ನೋಡಿ ಮಾಡುವ ಲೆಕ್ಕ) ಎಲ್ಲ ಅರ್ಧ ಮುಗಿದ ಹಾಗೆ. ಶೇ. 12.5 ಅಂದರೆ ಎಂಟನೇ ಒಂದು. ಶೇ. 37.5 ಅಂದರೆ ಎಂಟನೇ ಮೂರು. ಶೇ. 16.66 ಆರನೇ ಒಂದು, 14.28 ಏಳನೇ ಒಂದು, 11.11 ಒಂಬತ್ತನೇ ಒಂದು. ಈಗ "640ರ ಶೇ. 37.5 ಮತ್ತು 540ರ ಶೇ. 16.66 ಕೂಡಿಸಿದರೆ ಸುಮಾರು ಎಷ್ಟು" ಅಂತ ಕೇಳಿದರೆ ಪೆನ್ನು ಮುಟ್ಟಬೇಕಿಲ್ಲ. 640ರಲ್ಲಿ ಎಂಟನೇ ಒಂದು 80, ಮೂರು ಪಾಲು 240. 540ರಲ್ಲಿ ಆರನೇ ಒಂದು 90. ಉತ್ತರ 330. ದಶಮಾಂಶ ಹಿಡಿದು ಗುಣಿಸುತ್ತಾ ಕೂತವರು ಇನ್ನೂ ಮೊದಲ ಸಾಲಿನಲ್ಲೇ ಇರುತ್ತಾರೆ.

ನಮ್ಮಜ್ಜ ಮೂರನೇ ಕ್ಲಾಸ್ ಓದಿದವರು. ಕಾಲು, ಅರೆ, ಮುಕ್ಕಾಲು ಮಗ್ಗಿ ಅವರಿಗೆ ಬಾಯಿಪಾಠ. ಮೆಣಸಿನಕಾಯಿ ಮಾರೋಕೆ ಹೋದರೆ ದಲ್ಲಾಳಿ ಲೆಕ್ಕ ಮುಗಿಸುವಷ್ಟರಲ್ಲಿ ಇವರು ಹೇಳಿಬಿಡುತ್ತಿದ್ದರು. ಅವರಿಗೆ ಶೇ. 6.25 ಅಂದರೆ ಏನೂ ತಿಳಿಯುತ್ತಿರಲಿಲ್ಲ, ಆದರೆ ಒಂದು ವೀಸ ಅಂದರೆ ಹದಿನಾರನೇ ಒಂದು ಪಾಲು ಅಂತ ಗೊತ್ತಿತ್ತು. ಎರಡೂ ಒಂದೇ ತಾನೇ. ಕೋಚಿಂಗ್‌ನವರು ಇದನ್ನೇ "ಸ್ಪೀಡ್ ಮ್ಯಾಥ್ಸ್" ಅಂತ ಮಾರುತ್ತಾರೆ.

ಸೂತ್ರ ಬಾಯಿಪಾಠ ಮಾಡೋದಕ್ಕಿಂತ ಲೆಕ್ಕದಲ್ಲಿ ಏನು ನಡೀತಿದೆ ಅಂತ ನೋಡಿ. 8,000 ರೂಪಾಯಿಗೆ ಶೇ. 5ರಂತೆ ಎರಡು ವರ್ಷ, ಚಕ್ರಬಡ್ಡಿಗೂ ಸರಳಬಡ್ಡಿಗೂ ವ್ಯತ್ಯಾಸ ಎಷ್ಟು? ಮೊದಲ ವರ್ಷದ ಬಡ್ಡಿ 400. ಎರಡನೇ ವರ್ಷ ಆ 400ಕ್ಕೂ ಬಡ್ಡಿ ಬೀಳುತ್ತದೆ, ಶೇ. 5 ಅಂದರೆ 20. ಅದೇ ವ್ಯತ್ಯಾಸ. ಸೂತ್ರ ಎಲ್ಲಿಂದ ಬಂತು? ಬೇಕಾಗೇ ಇಲ್ಲ. ಕೆಲಸ ಮತ್ತು ಸಮಯದ ಲೆಕ್ಕವೂ ಹೀಗೇ. ಒಬ್ಬರು 12 ದಿನ, ಇನ್ನೊಬ್ಬರು 18 ದಿನ ಅಂದರೆ ಹೊಲದಲ್ಲಿ 36 ಸಾಲು ಕಳೆ ತೆಗೆಯಬೇಕು ಅಂದುಕೊಳ್ಳಿ, 36 ಯಾಕೆಂದರೆ ಅದು ಎರಡರ ಲ.ಸಾ.ಅ. ಒಬ್ಬರು ದಿನಕ್ಕೆ 3 ಸಾಲು, ಇನ್ನೊಬ್ಬರು 2. ಇಬ್ಬರೂ ಸೇರಿದರೆ 5. 36ನ್ನು 5ರಿಂದ ಭಾಗಿಸಿದರೆ 7.2 ದಿನ.

ಎರಡು ವರ್ಗ ಸಮೀಕರಣ ಕೊಟ್ಟು ಹೋಲಿಸಿ ಅನ್ನುವ ಪ್ರಶ್ನೆಗಳು ಬಂದರೆ ಬಿಡಬೇಡಿ, ಬೇಗ ಆಗುತ್ತವೆ. ಆದರೆ ಅಲ್ಲೊಂದು ಗುಂಡಿ ಇದೆ. ಎಕ್ಸ್² − 11ಎಕ್ಸ್ + 28 = 0 ಅಂದರೆ ಎಕ್ಸ್ ಬೆಲೆ 4 ಅಥವಾ 7. ವೈ² − 15ವೈ + 56 = 0 ಅಂದರೆ ವೈ ಬೆಲೆ 7 ಅಥವಾ 8. ಅವಸರದಲ್ಲಿ "ಎಕ್ಸ್ ಚಿಕ್ಕದು" ಅಂತ ಒತ್ತಿಬಿಡುತ್ತೇವೆ. ಆದರೆ ಎರಡೂ ಕಡೆ 7 ಇದೆ ನೋಡಿ, ಹಾಗಾಗಿ ಉತ್ತರ "ಚಿಕ್ಕದು ಅಥವಾ ಸಮ". ನಾನು ಈ ಒಂದೇ ತಪ್ಪನ್ನು ಎಷ್ಟು ಸಲ ಮಾಡಿದ್ದೀನೋ ಲೆಕ್ಕವಿಲ್ಲ.

ಸಂಖ್ಯಾ ಸರಣಿಗೆ ನನ್ನ ನಿಯಮ ಒಂದೇ, 40 ಸೆಕೆಂಡ್. ಮೊದಲು ವ್ಯತ್ಯಾಸ ನೋಡಿ. ಸಂಖ್ಯೆ ನಿಧಾನವಾಗಿ ಏರುತ್ತಿದ್ದರೆ ಕೂಡಿಸುವ ಆಟ, ಧಿಡೀರ್ ಏರಿದರೆ ಗುಣಿಸುವ ಆಟ. 7, 8, 18, 57, 232 ನೋಡಿ. ಕೊನೆಯಲ್ಲಿ 57ರಿಂದ 232ಕ್ಕೆ, ನಾಲ್ಕು ಪಟ್ಟಿಗಿಂತ ಸ್ವಲ್ಪ ಜಾಸ್ತಿ. 57 ನಾಲ್ಕ್ಲಿ 228, ಇನ್ನೂ 4. ಅದರ ಹಿಂದೆ 18 ಮೂರ್ಲಿ 54, ಇನ್ನೂ 3. ಸಿಕ್ಕಿತು. ಮುಂದಿನದು 232 ಐದ್ಲಿ 1160, ಕೂಡಿಸು 5, 1165. ಯಾವಾಗಲೂ ದೊಡ್ಡ ಸಂಖ್ಯೆ ಇರುವ ಕಡೆಯಿಂದ ಹಿಡಿಯಿರಿ, ಅಲ್ಲಿ ಗುಟ್ಟು ಬೇಗ ಕಾಣುತ್ತದೆ. ಕಾಣಲಿಲ್ಲವಾ, ಮುಂದಕ್ಕೆ ಹೋಗಿ.

ನನ್ನ ಕ್ರಮ ಹೀಗಿತ್ತು. ಮೊದಲು ಸಿಂಪ್ಲಿಫಿಕೇಶನ್, ಆಮೇಲೆ ಸಮೀಕರಣ, ಸರಣಿ, ಆಮೇಲೆ ಡಿ.ಐ. ಕೊನೆಗೆ ವಾಕ್ಯದಲ್ಲಿ ಕೊಡುವ ಉದ್ದನೆಯ ಲೆಕ್ಕಗಳು. ದೋಣಿ, ರೈಲು, ಹಾಲು ನೀರು ಬೆರೆಸೋದು, ಇವನ್ನೆಲ್ಲ ಮೊದಲು ಹಿಡಿದರೆ ಅಲ್ಲೇ ಮುಳುಗುತ್ತೀರಿ.

ರೀಸನಿಂಗ್: ಕೂರಿಸುವ ಮೊದಲು ನೋಡಿ

ಇಲ್ಲಿ ಸಿಲಾಜಿಸಂ (ಹೇಳಿಕೆಗಳಿಂದ ತೀರ್ಮಾನ ತೆಗೆಯೋದು), ಇನ್‌ಇಕ್ವಾಲಿಟಿ (ಯಾವುದು ದೊಡ್ಡದು, ಯಾವುದು ಚಿಕ್ಕದು ಅನ್ನೋದು), ಕೋಡಿಂಗ್, ದಿಕ್ಕು, ರಕ್ತಸಂಬಂಧ ಇವು ಸಣ್ಣ ಕಾಸು. ಮೊದಲು ಇವನ್ನು ಜೇಬಿಗೆ ಹಾಕಿಕೊಳ್ಳಿ. ಪಝಲ್ ಮತ್ತು ಸೀಟಿಂಗ್ ದೊಡ್ಡ ನೋಟು, ಆದರೆ ಚಿಲ್ಲರೆ ಆಗೋದು ಕಷ್ಟ.

ಸಿಲಾಜಿಸಂನಲ್ಲಿ ಈಗ ಎಲ್ಲರನ್ನೂ ಎಡವಿಸುವುದು "ಕೆಲವು ಮಾತ್ರ" ಅನ್ನುವ ಮಾತು. "ಕೆಲವು ಪೆನ್ನುಗಳು ಮಾತ್ರ ಪುಸ್ತಕಗಳು" ಅಂದರೆ ಎರಡು ಸಂಗತಿ ಒಟ್ಟಿಗೆ ಹೇಳಿದ ಹಾಗೆ: ಕೆಲವು ಪೆನ್ನು ಪುಸ್ತಕ, ಕೆಲವು ಪೆನ್ನು ಪುಸ್ತಕ ಅಲ್ಲ. ಹಾಗಾಗಿ "ಎಲ್ಲ ಪೆನ್ನುಗಳೂ ಪುಸ್ತಕ ಆಗಬಹುದು" ತಪ್ಪು. ಆದರೆ ತಿರುಗಿಸಿ "ಎಲ್ಲ ಪುಸ್ತಕಗಳೂ ಪೆನ್ನು ಆಗಬಹುದು" ಅಂದರೆ ಸರಿ, ಯಾಕೆಂದರೆ ಪುಸ್ತಕದ ಬಗ್ಗೆ ಯಾರೂ ಏನೂ ತಡೆ ಹಾಕಿಲ್ಲ. ಇದನ್ನು ವೃತ್ತ ಬರೆದು ಒಮ್ಮೆ ನೋಡಿ, ಜನ್ಮಕ್ಕೂ ಮರೆಯಲ್ಲ.

ಇನ್ನು ಸೀಟಿಂಗ್. ರೌಂಡ್ ಟೇಬಲ್‌ನಲ್ಲಿ ಮಧ್ಯಕ್ಕೆ ಮುಖ ಮಾಡಿ ಕೂತಿದ್ದರೆ ಎಡ ಯಾವುದು ಬಲ ಯಾವುದು ಅಂತ ಪ್ರತಿ ಸಲ ತಲೆ ಕೆರೆದುಕೊಳ್ಳಬೇಡಿ. ವೃತ್ತದ ಕೆಳಗಡೆ, ನಿಮ್ಮ ಹೊಟ್ಟೆಯ ಕಡೆ ಇರುವ ಜಾಗದಲ್ಲಿ ನೀವೇ ಕೂತಿದ್ದೀರಿ ಅಂದುಕೊಳ್ಳಿ. ನಿಮ್ಮ ಎಡಗೈ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ, ಬಲಗೈ ಅದರ ವಿರುದ್ಧ ದಿಕ್ಕಿಗೆ. ಟೇಬಲ್ ಸುತ್ತ ಎಲ್ಲರಿಗೂ ಅದೇ. ಎರಡು ಸಾಲಿನಲ್ಲಿ ಎದುರುಬದುರು ಕೂರಿಸಿದರೆ ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ, ನಿಮ್ಮ ಬಲಗಡೆ ಯಾವುದೋ ಅದು ಎದುರಿನವರ ಎಡಗಡೆ.

ಪಝಲ್ ಶುರು ಮಾಡುವ ಮೊದಲು ಪೂರ್ತಿ ಓದಿ, ಖಚಿತವಾದ ಮಾಹಿತಿ ಎಷ್ಟಿದೆ ಅಂತ ಎಣಿಸಿ. "ಇವನು ಬುಧವಾರ", "ಇವಳು ಕೊನೆಯಲ್ಲಿ" ಅನ್ನುವಂಥ ಗಟ್ಟಿ ಸಾಲು ಒಂದೂ ಇಲ್ಲದೆ ಬರೀ "ಇಬ್ಬರ ನಡುವೆ ಮೂವರು", "ಪಕ್ಕದಲ್ಲಿ ಅಲ್ಲ" ಅಂತಲೇ ಇದ್ದರೆ ಅದು ಕಾಡುವ ಪಝಲ್. ಅದನ್ನು ಕೊನೆಗೆ ಇಡಿ. ಶುರು ಮಾಡಿ ಎರಡು ನಿಮಿಷ ಆದರೂ ಅರ್ಧ ಜನ ಕೂರದಿದ್ದರೆ ಎದ್ದು ಬನ್ನಿ. ಹಾಕಿದ ಎರಡು ನಿಮಿಷ ಹೋಯಿತು, ಅದರ ಹಿಂದೆ ಇನ್ನೂ ಏಳು ನಿಮಿಷ ಕಳಿಸಬೇಡಿ. ಇದನ್ನು ಓದುವಾಗ ಸುಲಭ ಅನಿಸುತ್ತದೆ, ಆ ಕುರ್ಚಿಯಲ್ಲಿ ಕೂತಾಗ ಬೆರಳು ಕೇಳಲ್ಲ. ಅದಕ್ಕೇ ಇದನ್ನು ಮನೆಯಲ್ಲಿ, ಮಾಕ್ ಟೆಸ್ಟ್‌ನಲ್ಲಿ, ಅಂದರೆ ಅಭ್ಯಾಸಕ್ಕೆ ಬರೆಯುವ ಅಣಕು ಪರೀಕ್ಷೆಯಲ್ಲಿ, ಬೇಕಂತಲೇ ರೂಢಿ ಮಾಡಬೇಕು.

ಇಂಗ್ಲಿಷ್ ಬಗ್ಗೆ ಜಾಸ್ತಿ ಹೇಳಲ್ಲ. ವ್ಯಾಕರಣ ಪುಸ್ತಕ ಹಿಡಿದು ನಿಯಮ ಓದಿದ್ದರಿಂದ ನನಗಂತೂ ಉಪಯೋಗ ಆಗಲಿಲ್ಲ. ದಿನಕ್ಕೆ ಒಂದು ಇಂಗ್ಲಿಷ್ ಪತ್ರಿಕೆಯ ಒಂದು ಲೇಖನ, ಗಟ್ಟಿಯಾಗಿ ಓದಿ. ಎರಡು ತಿಂಗಳಲ್ಲಿ ತಪ್ಪು ವಾಕ್ಯ ಕೇಳಿದ ತಕ್ಷಣ ಕಿವಿಗೆ ಕಲ್ಲು ಸಿಕ್ಕಿದ ಹಾಗೆ ಆಗುತ್ತದೆ. ಪ್ಯಾಸೇಜ್‌ನಲ್ಲಿ ಮೊದಲು ಪ್ರಶ್ನೆ ಓದಿ, ಆಮೇಲೆ ಪ್ಯಾಸೇಜ್.

ಮಾಕ್ ಟೆಸ್ಟ್ ಮತ್ತು ಆ ನೋಟ್‌ಬುಕ್

ಮೊದಲನೇ ಮಾಕ್ ಟೆಸ್ಟನ್ನು ಓದು ಶುರು ಮಾಡುವ ದಿನವೇ ಕೊಡಿ. "ಸಿಲೆಬಸ್ ಮುಗಿಸಿ ಕೊಡ್ತೀನಿ" ಅನ್ನುವವರ ಸಿಲೆಬಸ್ ಮುಗಿಯಲ್ಲ. 22 ಬಂತಾ, ಬರಲಿ. ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತದೆ. ಸಾಧ್ಯವಾದರೆ ಕಂಪ್ಯೂಟರ್‌ನಲ್ಲಿ ಕೊಡಿ, ಮೊಬೈಲ್‌ನಲ್ಲಿ ಬೇಡ. ತಾಲೂಕಿನ ಸೈಬರ್ ಸೆಂಟರ್‌ನಲ್ಲಿ ಒಂದು ಗಂಟೆ ದುಡ್ಡು ಕೊಟ್ಟು ಕೂತರೂ ನಷ್ಟವಿಲ್ಲ. ಸ್ಕ್ರೀನ್ ನೋಡಿ ಹಾಳೆಯಲ್ಲಿ ಲೆಕ್ಕ ಮಾಡೋದೇ ಬೇರೆ ಅಭ್ಯಾಸ. ಇನ್ನೊಂದು, "ಹಳೇ ಪ್ರಶ್ನೆಪತ್ರಿಕೆ" ಅಂತ ಸಿಗೋದೆಲ್ಲ ಪರೀಕ್ಷೆ ಬರೆದವರು ನೆನಪಿನಿಂದ ಹೇಳಿದ್ದು, ಐಬಿಪಿಎಸ್ ಪತ್ರಿಕೆ ಹೊರಗೆ ಬಿಡಲ್ಲ. ಅಭ್ಯಾಸಕ್ಕೆ ಒಳ್ಳೆಯದೇ, ಆದರೆ ಅದನ್ನೇ ವೇದ ಅನ್ನಬೇಡಿ.

ನನ್ನನ್ನು ದಾಟಿಸಿದ್ದು ಒಂದು 20 ರೂಪಾಯಿಯ ನೋಟ್‌ಬುಕ್. ಪ್ರತಿ ಮಾಕ್ ಆದ ಮೇಲೆ ಹೋದ ಮಾರ್ಕುಗಳನ್ನೆಲ್ಲ ಮೂರು ಕಂಬಗಳಲ್ಲಿ, ಅಂದರೆ ಕಾಲಂಗಳಲ್ಲಿ ಬರೆಯುತ್ತಿದ್ದೆ. ಒಂದು, ಗೊತ್ತಿಲ್ಲದ್ದು. ಎರಡು, ಗೊತ್ತಿದ್ದೂ ತಪ್ಪಿದ್ದು. ಮೂರು, ಬಿಡಬೇಕಿತ್ತು, ಬಿಡಲಿಲ್ಲ. ಮೂರನೇ ಕಂಬದಲ್ಲಿ ಎಷ್ಟು ನಿಮಿಷ ಹೋಯಿತು ಅಂತಲೂ ಬರೆಯುತ್ತಿದ್ದೆ. ಮೊದಲ ಹತ್ತು ಮಾಕ್‌ನಲ್ಲಿ ಮೂರನೇ ಕಂಬವೇ ಉದ್ದ. ನಾನು ಹೋಗುತ್ತಿದ್ದ ಕೋಚಿಂಗ್‌ನಲ್ಲಿ ಮಾತ್ರ ಇಡೀ ವರ್ಷ ಮೊದಲನೇ ಕಂಬಕ್ಕೇ ಪಾಠ ಮಾಡಿದರು, ದಿನಕ್ಕೊಂದು ಹೊಸ ಟ್ರಿಕ್. ಟ್ರಿಕ್‌ಗಳ ಪಟ್ಟಿ ಈಗಲೂ ಇದೆ, ಬಳಸಿದ್ದು ನಾಲ್ಕೋ ಐದೋ. ಒಂದು ಮಾಕ್‌ಗೆ ಒಂದು ಗಂಟೆ, ಅದನ್ನು ನೋಡೋಕೆ ಎರಡು ಗಂಟೆ. ದಿನಕ್ಕೆ ಮೂರು ಮಾಕ್ ಕೊಟ್ಟು ಒಂದನ್ನೂ ತಿರುಗಿ ನೋಡದವರನ್ನು ಬಹಳ ನೋಡಿದ್ದೇನೆ.

ಗೊತ್ತಿಲ್ಲದಿದ್ದರೆ ಊಹೆ ಹೊಡೆಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಮಾಡಿಯೇ ನೋಡೋಣ. ಐದು ಆಯ್ಕೆ. ಕಣ್ಣು ಮುಚ್ಚಿ ಐದು ಪ್ರಶ್ನೆಗೆ ಒತ್ತಿದರೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ಬಂದದ್ದು 1, ಹೋದದ್ದು ನಾಲ್ಕು ಕಾಲು, ಅಂದರೆ 1. ಕೈಗೆ ಸೊನ್ನೆ. ಕುರುಡು ಊಹೆಯಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ, ಬರೀ ಸಮಯ ದಂಡ. ಆದರೆ ಎರಡು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಾಗಿ ಮೂರು ಉಳಿದರೆ, ಅಂಥ ಆರು ಪ್ರಶ್ನೆಗೆ ಎರಡು ಸರಿ, ನಾಲ್ಕು ತಪ್ಪು, ಕೈಗೆ ಒಂದು ಮಾರ್ಕ್ ಉಳಿಯುತ್ತದೆ. ಅಲ್ಲಿ ಒತ್ತಿ. ಪಝಲ್ ಅರ್ಧಕ್ಕೆ ಬಿಟ್ಟಾಗ ಇದು ತುಂಬಾ ಸಹಾಯ ಮಾಡುತ್ತದೆ, ಕೂತಿರುವ ನಾಲ್ಕು ಜನರಿಂದಲೇ ಒಂದೆರಡು ಆಯ್ಕೆ ಬಿದ್ದುಹೋಗುತ್ತವೆ.

ಪರೀಕ್ಷೆಯ ದಿನ

ಕೊನೆಯ ಮೂರು ದಿನ ಹೊಸದು ಏನೂ ಬೇಡ. ನೋಟ್‌ಬುಕ್‌ನ ಎರಡನೇ ಕಂಬ ಓದಿ, ದಿನಕ್ಕೊಂದು ಮಾಕ್, ಅದೂ ನಿಮ್ಮ ಶಿಫ್ಟ್ ಇರುವ ಹೊತ್ತಿಗೇ. ಬೆಳಗಿನ ಶಿಫ್ಟ್ ಆದರೆ ಹಿಂದಿನ ದಿನವೇ ಊರು ಸೇರಿಕೊಳ್ಳಿ. ನಾನು ಹಾವೇರಿ ಕಡೆಯವನು, ಸೆಂಟರ್ ಹುಬ್ಬಳ್ಳಿಯ ಹೊರಗೆ ಒಂದು ಕಾಲೇಜಿನಲ್ಲಿತ್ತು, ಬಸ್‌ಸ್ಟ್ಯಾಂಡಿನಿಂದ ಅಲ್ಲಿಗೆ ಹೋಗೋಕೇ ಮುಕ್ಕಾಲು ಗಂಟೆ ಹಿಡಿಯಿತು.

ಕಾಲ್ ಲೆಟರ್, ಅರ್ಜಿಗೆ ಹಾಕಿದ್ದೇ ಫೋಟೋ, ಒರಿಜಿನಲ್ ಗುರುತಿನ ಚೀಟಿ, ಅದರ ಜೆರಾಕ್ಸ್, ಪೆನ್ನು. ರೇಷನ್ ಕಾರ್ಡ್ ಮತ್ತು ಎಲ್‌ಎಲ್‌ಆರ್ ಗುರುತಿನ ಚೀಟಿಯಾಗಿ ನಡೆಯಲ್ಲ. ಕಾಲ್ ಲೆಟರ್‌ನಲ್ಲಿ ಇರುವ ಹೆಸರೂ ಗುರುತಿನ ಚೀಟಿಯ ಹೆಸರೂ ಒಂದೇ ಇರಬೇಕು. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು ಮುಂದೆ, ಆಧಾರ್‌ನಲ್ಲಿ ಅಡ್ಡಹೆಸರು ಹಿಂದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಇದನ್ನು ಅರ್ಜಿ ತುಂಬುವ ಮೊದಲೇ ಸರಿ ಮಾಡಿಸಿಕೊಳ್ಳಿ. ಗೇಟಿನಲ್ಲಿ ನಿಂತು ಅಳುತ್ತಿದ್ದ ಒಬ್ಬ ಹುಡುಗಿಯನ್ನು ನೋಡಿದ್ದೇನೆ, ಅವಳ ಓದಿನಲ್ಲಿ ಏನೂ ಕೊರತೆ ಇರಲಿಲ್ಲವೇನೋ.

ಒಳಗೆ ಹೋದ ಮೇಲೆ ಕೊಡುವ ರಫ್ ಶೀಟನ್ನು ಮಡಚಿ ಭಾಗ ಮಾಡಿಕೊಳ್ಳಿ, ಒಂದು ಭಾಗ ಪಝಲ್‌ಗೆ ಮಾತ್ರ. ಬೇರೆ ಬೇರೆ ಶಿಫ್ಟ್‌ಗಳ ಮಾರ್ಕುಗಳನ್ನು ಸರಿದೂಗಿಸುತ್ತಾರೆ, ಹಾಗಾಗಿ ನಿಮಗೆ ಕಷ್ಟ ಅನಿಸಿದರೆ ಪಕ್ಕದವನಿಗೂ ಕಷ್ಟವೇ ಇದೆ, ಗಾಬರಿ ಬೇಡ.

ಎರಡನೇ ಸಲವೂ ನನಗೆ ರೌಂಡ್ ಟೇಬಲ್ ಬಂತು. ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ ಮುಖ ಮಾಡಿದ್ದರು. ಓದಿದೆ, ಗಟ್ಟಿ ಸಾಲು ಒಂದೂ ಇರಲಿಲ್ಲ, ಮುಂದಕ್ಕೆ ಹೋದೆ. ಉಳಿದದ್ದೆಲ್ಲ ಮುಗಿದಾಗ ಇನ್ನೂ ಮೂರೂವರೆ ನಿಮಿಷ ಇತ್ತು. ತಿರುಗಿ ಬಂದು ನಾಲ್ಕು ಜನರನ್ನು ಕೂರಿಸಿದೆ, ಐದು ಪ್ರಶ್ನೆಯಲ್ಲಿ ಎರಡಕ್ಕೆ ಉತ್ತರ ಒತ್ತಿದೆ. ಉಳಿದ ನಾಲ್ವರು ಎಲ್ಲಿ ಕೂತರು ಅಂತ ಇವತ್ತಿಗೂ ಗೊತ್ತಿಲ್ಲ.